ಮೂರು ದಿನದ ಬುತ್ತಿ

ನಮ್ಮೂರ ಸಂತೆ ಬುಧವಾರ. 1978ರ ಸುಮಾರಿನಲ್ಲಿ ಒಂದು ಬುಧವಾರ ಅಲ್ಲಿಗೆ ಬಿದಿರಿನ ಅಗಲವಾದ ಮಂಕರಿ ಹೊತ್ತ ಹೊಸ ವ್ಯಾಪಾರಿಯೊಬ್ಬ ಬಂದಿದ್ದ. ಮಂಕರಿಯ ತುಂಬ ಕೋಳಿಮರಿಗಳು. ಅವುಗಳ ಬಣ್ಣ ಮಾತ್ರ ನಾವು ಎಂದೂ ಕಂಡು ಕೇಳಿದ್ದಲ್ಲ: ಗುಲಾಬಿ, ಗಿಳಿಹಸಿರು, ನೇರಳೆ. ಮಿಠಾಯಿ ಅಂಗಡಿಗೆ ಮುತ್ತುವಂತೆ ಹುಡುಗರೆಲ್ಲ ಅವನನ್ನು ಮುತ್ತಿದೆವು. ಒಂದಕ್ಕೆ ನಾಲ್ಕಾಣೆ. ಕಡ್ಲೆಪುರಿಗೆಂದು ಮನೆಯಲ್ಲಿ ಕೊಟ್ಟಿದ್ದ ಎಂಟಾಣೆಗೆ ನಾನು ಎರಡು ಮರಿ ಕೊಂಡು, ಒಂದನ್ನು ಅಂಗಿಯ ಜೇಬಿನಲ್ಲೂ ಇನ್ನೊಂದನ್ನು ಮುಷ್ಟಿಯಲ್ಲೂ ಇಟ್ಟುಕೊಂಡು ಮನೆಗೆ ಓಡಿದೆ.

ಹಿತ್ತಿಲಲ್ಲಿ ರಾಗಿ ಕೇರುತ್ತಿದ್ದ ಅಜ್ಜಿ ಬಣ್ಣ ಕಂಡು ಬೆರಗಾಗಲಿಲ್ಲ. ಮರಿಯನ್ನು ಅಂಗೈ ಮೇಲಿಟ್ಟುಕೊಂಡು ಅವಳು ಕೇಳಿದ್ದು ಒಂದೇ ಮಾತು: ‘ಇದರ ತಾಯಿ ಎಲ್ಲೋ?’

ನನ್ನ ಬಳಿ ಉತ್ತರವಿರಲಿಲ್ಲ. ಗುಲಾಬಿ ಮರಿ ಅಂದು ರಾತ್ರಿಯೇ ಸತ್ತಿತು. ಹಸಿರು ಮರಿ ಇನ್ನೆರಡು ದಿನ ಅಡುಗೆಮನೆಯ ಮೂಲೆಯಲ್ಲಿ ಕಿಚಗುಟ್ಟುತ್ತಾ ಇದ್ದು ಅದೂ ಹೋಯಿತು. ಆ ವಾರ ಊರಿನ ಹುಡುಗರು ಕೊಂಡ ಮರಿಗಳಲ್ಲಿ ಒಂದಾದರೂ ಬದುಕಿ ಕೋಳಿಯಾದುದು ನನಗೆ ನೆನಪಿಲ್ಲ. ಅಜ್ಜಿಯ ಪ್ರಶ್ನೆ ಮಾತ್ರ ಉಳಿದುಕೊಂಡಿತು. ಅದಕ್ಕೆ ಉತ್ತರ ಹುಡುಕುತ್ತಾ ಹೋದರೆ ಈಜಿಪ್ಟಿನ ಇಟ್ಟಿಗೆ ಗೂಡಿಗೂ ಅಮೆರಿಕದ ಅಂಚೆ ಕಚೇರಿಗೂ ಜಪಾನಿನ ಪ್ರಯೋಗಶಾಲೆಗೂ ಕೊನೆಗೆ ನಮ್ಮ ಹೆಬ್ಬಾಳಕ್ಕೂ ಹೋಗಿಬರಬೇಕಾಗುತ್ತದೆ ಎಂದು ಆಗ ಯಾರಿಗೆ ಗೊತ್ತಿತ್ತು?

ಮೊದಲು ತಾಯಿ ಇದ್ದ ಮರಿಯ ವಿಷಯ ಹೇಳಬೇಕು. ಅಜ್ಜಿಯ ಲೆಕ್ಕದಲ್ಲಿ ಮರಿಯನ್ನು ಯಾರೂ ಕೊಂಡು ತರುತ್ತಿರಲಿಲ್ಲ. ಅದು ಮನೆಯಲ್ಲೇ ಆಗುತ್ತಿತ್ತು. ಹನ್ನೆರಡೋ ಹದಿನಾಲ್ಕೋ ಮೊಟ್ಟೆ ಇಟ್ಟ ಮೇಲೆ ನಾಟಿ ಹೇಂಟೆಯ ನಡತೆಯೇ ಬದಲಾಗುತ್ತದೆ. ಗೂಡು ಬಿಟ್ಟು ಏಳುವುದಿಲ್ಲ, ಹತ್ತಿರ ಹೋದರೆ ಗರಿ ಕೆದರಿ ಗುರುಗುಟ್ಟುತ್ತದೆ, ಕುಕ್ಕಲು ಬರುತ್ತದೆ. ಇದೇ ಕಾವು. ಆಗ ಅಜ್ಜಿ ಹಳೆಯ ಬುಟ್ಟಿಗೆ ಬೂದಿ ಹಾಕಿ, ಮೇಲೆ ಹುಲ್ಲು ಹಾಸಿ, ಮೊಟ್ಟೆಗಳನ್ನು ಒಂದೊಂದಾಗಿ ಕಿವಿಯ ಬಳಿ ಅಲ್ಲಾಡಿಸಿ ನೋಡಿ ಆರಿಸುತ್ತಿದ್ದಳು. ಸಂಖ್ಯೆ ಬೆಸ ಇರಬೇಕು. ಹನ್ನೊಂದು ಅಥವಾ ಹದಿಮೂರು. ಗುಡುಗಿಗೆ ಮೊಟ್ಟೆ ಕೆಡಬಾರದೆಂದು ಬುಟ್ಟಿಯೊಳಗೆ ಒಂದು ಕಬ್ಬಿಣದ ಚೂರು. ಕಬ್ಬಿಣದ ಚೂರಿನಿಂದ ಏನೂ ಆಗುವುದಿಲ್ಲ, ಬಿಡಿ. ಆದರೆ ಬೂದಿಯಿಂದ ಆಗುತ್ತದೆ: ಇಪ್ಪತ್ತೊಂದು ದಿನ ಕೂತಲ್ಲೇ ಕೂರುವ ಕೋಳಿಗೆ ಹೇನಿನ ಕಾಟ ತಪ್ಪುತ್ತದೆ.

ಆ ಇಪ್ಪತ್ತೊಂದು ದಿನ ಹೇಂಟೆ ದಿನಕ್ಕೆ ಒಂದು ಸಲ, ಹೆಚ್ಚೆಂದರೆ ಅರ್ಧ ಗಂಟೆ ಎದ್ದು ನೀರು ಕಾಳು ಮುಗಿಸಿ ಓಡಿಬರುತ್ತದೆ. ಕೂತಲ್ಲೇ ದಿನಕ್ಕೆ ಎಷ್ಟೋ ಸಲ ಕೊಕ್ಕಿನಿಂದ ಮೊಟ್ಟೆಗಳನ್ನು ಹೊರಳಿಸುತ್ತದೆ. ಹಾಗೆ ಹೊರಳಿಸದಿದ್ದರೆ ಒಳಗಿನ ಪಿಂಡ ಚಿಪ್ಪಿನ ಪೊರೆಗೆ ಅಂಟಿಕೊಂಡು ಸಾಯುತ್ತದೆ. ಕೊನೆಯ ದಿನ ಇನ್ನೂ ಚಿಪ್ಪಿನೊಳಗಿರುವ ಮರಿಯೇ ಕಿಚ್ ಎನ್ನತೊಡಗುತ್ತದೆ. ಹೊರಗಿನಿಂದ ತಾಯಿ ಮೆಲ್ಲಗೆ ಲೊಚಗುಟ್ಟಿ ಉತ್ತರ ಕೊಡುತ್ತದೆ. ಮುಖ ನೋಡುವ ಮೊದಲೇ ಇಬ್ಬರಿಗೂ ದನಿಯ ಪರಿಚಯವಾಗಿರುತ್ತದೆ.

ಈಗ ಕಥೆಯ ಮುಖ್ಯ ಭಾಗಕ್ಕೆ ಬರೋಣ. ಹನ್ನೊಂದು ಮೊಟ್ಟೆ ಒಂದೇ ಗಳಿಗೆಗೆ ಒಡೆಯುವುದಿಲ್ಲ. ಮೊದಲನೆಯದಕ್ಕೂ ಕೊನೆಯದಕ್ಕೂ ಒಂದು ದಿನ, ಒಂದೂವರೆ ದಿನದ ಅಂತರವಿರಬಹುದು. ಮೊದಲ ಮರಿಗೆ ಹಸಿವಾಯಿತೆಂದು ತಾಯಿ ಎದ್ದುಬಿಟ್ಟರೆ ಉಳಿದ ಮೊಟ್ಟೆಗಳು ತಣ್ಣಗಾಗುತ್ತವೆ. ಏಳದಿದ್ದರೆ ಮೊದಲ ಮರಿ ಉಪವಾಸ ಸಾಯಬೇಕು. ಪ್ರಕೃತಿ ಈ ಬಿಕ್ಕಟ್ಟಿಗೆ ಒಂದು ಉಪಾಯ ಮಾಡಿದೆ. ಚಿಪ್ಪು ಒಡೆಯುವ ಮುನ್ನ ಮರಿ ಉಳಿದ ಹಳದಿ ಭಂಡಾರವನ್ನು ಹೊಕ್ಕುಳಿನ ಮೂಲಕ ಹೊಟ್ಟೆಯೊಳಗೆ ಎಳೆದುಕೊಳ್ಳುತ್ತದೆ. ಹೊರಬಂದ ಮೇಲೆ ಎರಡು ದಿನ, ಎಳೆದಾಡಿದರೆ ಮೂರು ದಿನ, ಅದಕ್ಕೆ ಅನ್ನ ನೀರು ಯಾವುದೂ ಸಿಗದಿದ್ದರೂ ನಡೆಯುತ್ತದೆ. ತಮ್ಮ ತಂಗಿಯರು ಹುಟ್ಟುವವರೆಗೆ ಕಾಯಲೆಂದು ಕಟ್ಟಿಕೊಟ್ಟ ಬುತ್ತಿ ಅದು.

ಆ ಬುತ್ತಿಯೇ ಮುಂದೆ ಮರಿಯನ್ನು ತಾಯಿಯಿಂದ ಅಗಲಿಸಿತು. ಮೂರು ದಿನ ಊಟವಿಲ್ಲದೆ ಬದುಕುವ ಜೀವವನ್ನು ಡಬ್ಬದಲ್ಲಿ ಹಾಕಿ ಎಷ್ಟು ದೂರ ಕಳಿಸಬಹುದು ಎಂದು ಮನುಷ್ಯ ಲೆಕ್ಕ ಹಾಕಿದ.

ಕೋಳಿ ಮನುಷ್ಯನ ಹಿತ್ತಿಲಿಗೆ ಬಂದುದು ನಾವು ತಿಳಿದುಕೊಂಡಿದ್ದಷ್ಟು ಹಿಂದಿನ ಕಾಲದಲ್ಲಲ್ಲ. ಏಳೆಂಟು ಸಾವಿರ ವರ್ಷಗಳ ಹಿಂದಿನ ಮಾತನ್ನು ಪಠ್ಯಪುಸ್ತಕಗಳು ಹೇಳುತ್ತಿದ್ದವು. 2022ರಲ್ಲಿ ವಿಜ್ಞಾನಿಗಳ ಒಂದು ತಂಡ ಹಳೆಯ ಮೂಳೆಗಳನ್ನೆಲ್ಲ ಮತ್ತೆ ಪರಿಶೀಲಿಸಿ, ಸಾಕುಕೋಳಿಯದೆಂದು ಖಚಿತವಾಗಿ ಹೇಳಬಹುದಾದ ಅತಿ ಹಳೆಯ ಮೂಳೆಗಳು ಥಾಯ್ಲೆಂಡಿನ ಬಾನ್ ನಾನ್ ವಾಟ್ ಎಂಬಲ್ಲಿನವು, ಕಾಲ ಕ್ರಿ.ಪೂ. 1650ರಿಂದ 1250ರ ನಡುವೆ ಎಂದಿತು. ಅವರ ಪ್ರಕಾರ ಕಾರಣ ಬತ್ತ, ನವಣೆಯಂಥ ಧಾನ್ಯ. ಗದ್ದೆಯಲ್ಲಿ ಉದುರಿದ ಕಾಳಿಗೆ ಕಾಡಿನ ಕೆಂಪು ಕೋಳಿ ತಾನೇ ಇಳಿದು ಬಂತು, ಬಂದದ್ದು ಉಳಿಯಿತು. ಇದರಲ್ಲಿ ನಮ್ಮ ಪಾಲೂ ಇದೆ. ಸಾಕುಕೋಳಿಗಳ ಹಳದಿ ಕಾಲಿಗೆ ಕಾರಣವಾದ ವಂಶವಾಹಿ ಕೆಂಪು ಕಾಡುಕೋಳಿಯದಲ್ಲ, ದಕ್ಷಿಣ ಭಾರತದ ಬೂದು ಕಾಡುಕೋಳಿಯಿಂದ ಬಂದದ್ದು ಎಂದು 2008ರಲ್ಲಿ ಗೊತ್ತಾಯಿತು. ಮಲೆನಾಡಿನ ಕಾಡುಗಳಲ್ಲಿ ಬೆಳಗಿನ ಜಾವ ಒಡಕು ದನಿಯಲ್ಲಿ ಕೂಗುವುದು ಅದೇ ಕೋಳಿ. ಯಾವುದೋ ಕಾಲದಲ್ಲಿ ನಮ್ಮ ಕಾಡಂಚಿನ ಹಿತ್ತಿಲುಗಳಲ್ಲಿ ನಡೆದ ಬೆರಕೆ ಇವತ್ತು ಲೋಕದ ಎಷ್ಟೋ ಕೋಳಿಗಳ ಕಾಲಿನಲ್ಲಿ ಕಾಣುತ್ತಿದೆ.

ಸಾವಿರ ವರ್ಷಕ್ಕೂ ಹೆಚ್ಚು ಕಾಲ ಮರಿ ಎಂದರೆ ತಾಯಿಯೇ. ಆ ನಂಟನ್ನು ಮೊದಲು ದೊಡ್ಡದಾಗಿ ಕಡಿದವರು ಈಜಿಪ್ಟಿನವರು. ಅಲ್ಲಿ ಮೊಟ್ಟೆಗಳನ್ನು ಸಗಣಿಯ ರಾಶಿಯಲ್ಲಿ ಹೂತು ಮರಿ ಮಾಡುತ್ತಾರೆಂದು ಅರಿಸ್ಟಾಟಲ್ ಬರೆದಿದ್ದಾನೆ. ಮುಂದೆ ಇದಕ್ಕೆಂದೇ ಇಟ್ಟಿಗೆಯ ಮನೆಗಳಾದವು. ನಡುವೆ ಓಣಿ, ಎರಡೂ ಬದಿಗೆ ಎರಡೆರಡು ಅಂತಸ್ತಿನ ಕೋಣೆಗಳು. ಕೆಳಗಿನ ಕೋಣೆಯಲ್ಲಿ ಸಾವಿರಾರು ಮೊಟ್ಟೆ, ಮೇಲಿನದರಲ್ಲಿ ಹುಲ್ಲು ಮತ್ತು ಸಗಣಿಯ ನಿಧಾನದ ಬೆಂಕಿ. ಉಷ್ಣಮಾಪಕ ಎಂಬುದೇ ಇಲ್ಲದ ಕಾಲದಲ್ಲಿ ಕಾವು ಹದವಾಗಿದೆಯೋ ಇಲ್ಲವೋ ತಿಳಿಯುವುದು ಹೇಗೆ? ಆ ಗೂಡಿನವರು ಮೊಟ್ಟೆಯನ್ನು ಕಣ್ಣಿನ ರೆಪ್ಪೆಗೆ ಒತ್ತಿ ನೋಡುತ್ತಿದ್ದರು. ಮೈಯಲ್ಲಿ ರೆಪ್ಪೆಯಷ್ಟು ತೆಳುವಾದ, ಸೂಕ್ಷ್ಮವಾದ ಚರ್ಮ ಬೇರೆಲ್ಲಿದೆ? ವಿದ್ಯೆ ತಂದೆಯಿಂದ ಮಗನಿಗೆ, ಹೊರಗಿನವರಿಗೆ ಹೇಳುತ್ತಿರಲಿಲ್ಲ. ಹಳ್ಳಿಯವರು ಮೊಟ್ಟೆ ತಂದುಕೊಟ್ಟರೆ ಮೂರಕ್ಕೆ ಎರಡು ಮರಿ ವಾಪಸು ಕೊಡುವ ಕರಾರು ಇತ್ತೆಂದು ಯುರೋಪಿನ ಪ್ರವಾಸಿಗರ ಮೂಲಕ ತಿಳಿಯುತ್ತದೆ. ನಮ್ಮ ಕಡೆ ಹೇಂಟೆಯನ್ನು ಪಾಲಿಗೆ ಬಿಟ್ಟು ಮರಿ ಹಂಚಿಕೊಳ್ಳುತ್ತಿದ್ದರಲ್ಲ, ಅಂಥದೇ ವ್ಯವಹಾರ. ತಾಯಿಯ ಜಾಗದಲ್ಲಿ ಗೂಡು, ಅಷ್ಟೇ ವ್ಯತ್ಯಾಸ.

ಈ ಗುಟ್ಟನ್ನು ಭೇದಿಸಹೊರಟವನು ಫ್ರಾನ್ಸಿನ ರೆಯೊಮೂರ್, ಉಷ್ಣಮಾಪಕಕ್ಕೆ ತನ್ನ ಹೆಸರಿನ ಅಳತೆಯನ್ನೇ ಕೊಟ್ಟ ವಿಜ್ಞಾನಿ. 1749ರಲ್ಲಿ ಅವನು ಪ್ರಕಟಿಸಿದ ಪುಸ್ತಕ ಇಡಿಯಾಗಿ ಮರಿ ಮಾಡುವ ಕಲೆಯನ್ನೇ ಕುರಿತದ್ದು. ರೆಪ್ಪೆಯ ಕೆಲಸವನ್ನು ಉಷ್ಣಮಾಪಕ ಮಾಡಿತು, ಮೊಟ್ಟೆಗಳು ಒಡೆದವು. ಅನಂತರ ಅವನಿಗೆ ಅರಿವಾಯಿತು, ಮರಿ ಹೊರಬಂದ ಮೇಲೇ ನಿಜವಾದ ಕಷ್ಟ ಶುರು ಎಂದು. ಮೈತುಂಬ ತುಪ್ಪಳ ಮಾತ್ರ ಇರುವ ಮರಿಗೆ ತನ್ನ ಮೈಬಿಸಿಯನ್ನು ತಾನೇ ಕಾಪಾಡಿಕೊಳ್ಳಲು ಬರುವುದಿಲ್ಲ. ಗರಿ ಮೂಡಲು ಮೂರು ನಾಲ್ಕು ವಾರ ಬೇಕು. ಆದ್ದರಿಂದ ಅವನು ಒಳಗಡೆ ಕುರಿಯ ತುಪ್ಪಳದ ಚರ್ಮ ಹೊದಿಸಿದ, ಹಿಂದಕ್ಕೆ ಇಳಿಜಾರಾದ ಒಂದು ಪೆಟ್ಟಿಗೆ ಮಾಡಿದ. ಮರಿಗಳು ಅದರೊಳಗೆ ನುಸುಳಿ ಚರ್ಮಕ್ಕೆ ಬೆನ್ನು ತಾಗಿಸಿ ನಿಲ್ಲುತ್ತಿದ್ದವು. ಆ ಪೆಟ್ಟಿಗೆಗೆ ಅವನು ಕೊಟ್ಟ ಹೆಸರು ‘ಕೃತಕ ತಾಯಿ’. ಅಜ್ಜಿಯ ಪ್ರಶ್ನೆಗೆ ಎರಡು ಶತಮಾನಕ್ಕೂ ಮುಂಚೆಯೇ ಬರೆದಿಟ್ಟ ಮೊದಲ ಉತ್ತರ ಇದು ಎನ್ನಬಹುದು.

ಅಮೆರಿಕದ ಕ್ಯಾಲಿಫೋರ್ನಿಯಾದ ಪೆಟಲೂಮ ಎಂಬ ಊರಿನಲ್ಲಿ 1879ರಲ್ಲಿ ಲೈಮನ್ ಬೈಸ್ ಎಂಬಾತ ಮರಿ ಮಾಡುವ ಯಂತ್ರವೊಂದನ್ನು ರೂಪಿಸಿದ ಮೇಲೆ ಆ ಊರೇ ಕೋಳಿಯ ರಾಜಧಾನಿಯಾಯಿತು. 1892ರಲ್ಲಿ ನ್ಯೂಜೆರ್ಸಿಯ ಜೋಸೆಫ್ ವಿಲ್ಸನ್ ಒಂದು ದಿನದ ಮರಿಗಳನ್ನು ಪೆಟ್ಟಿಗೆಯಲ್ಲಿ ತುಂಬಿ ರೈಲಿನಲ್ಲಿ ದೂರದ ಷಿಕಾಗೋ ಕಡೆಗೆ ಕಳಿಸಿದ. ದಾರಿಯಲ್ಲಿ ಊಟವಿಲ್ಲ, ನೀರಿಲ್ಲ, ಹೊಟ್ಟೆಯ ಬುತ್ತಿಯೊಂದೇ. ಆದರೂ ಮರಿಗಳು ಮುಟ್ಟಿದವು. 1918ರಲ್ಲಿ ಅಮೆರಿಕದ ಅಂಚೆ ಇಲಾಖೆ ಕೋಳಿಮರಿಗಳನ್ನು ಪಾರ್ಸೆಲ್ ಆಗಿ ಸ್ವೀಕರಿಸಲು ಒಪ್ಪಿತು. ಅಂದಿನಿಂದ ಪೋಸ್ಟ್‌ಮ್ಯಾನ್ ಚೀಲದ ಜೊತೆ ಕಿಚಗುಟ್ಟುವ ಡಬ್ಬವನ್ನೂ ಹಂಚತೊಡಗಿದ. ಸುತ್ತ ತೂತುಗಳಿರುವ, ನಾಲ್ಕು ಕೋಣೆಯ, ಕೋಣೆಗೆ ಇಪ್ಪತ್ತೈದರಂತೆ ನೂರು ಮರಿ ಹಿಡಿಸುವ ರಟ್ಟಿನ ಪೆಟ್ಟಿಗೆ ಇಡೀ ಜಗತ್ತಿಗೆ ಮಾದರಿಯಾಯಿತು. ನಮ್ಮ ಬಸ್ ನಿಲ್ದಾಣಗಳಲ್ಲಿ ಕಂಡಕ್ಟರನ ಸೀಟಿನ ಪಕ್ಕ ಕೂಗುತ್ತಾ ಕೂರುವುದೂ ಆ ಪೆಟ್ಟಿಗೆಯೇ.

ಯಂತ್ರ ಬಂದ ಮೇಲೆ ಕಾವಿಗೆ ಕೂರುವ ಹೇಂಟೆಯಿಂದ ಏನು ಲಾಭ? ಕೂತಷ್ಟು ದಿನ, ಮರಿ ಆಡಿಸಿದಷ್ಟು ದಿನ ಅದು ಮೊಟ್ಟೆ ಇಡುವುದಿಲ್ಲ. ಹಾಗಾಗಿ ಕಾವು ಒಂದು ದೋಷವಾಯಿತು. ದೋಷವೆಂದೇ ಕೋಳಿ ಸಾಕಣೆಯ ಪುಸ್ತಕಗಳಲ್ಲಿ ಅದು ಅಚ್ಚಾಯಿತು. ಕಾವು ಬಿಡಿಸಲು ನಮ್ಮಲ್ಲೂ ಉಪಾಯಗಳಿದ್ದವು. ಕೋಳಿಯನ್ನು ತಣ್ಣೀರಿನಲ್ಲಿ ಅದ್ದುವುದು, ಮೂಗಿಗೆ ಗರಿ ಚುಚ್ಚುವುದು. ಅದು ಆ ಹೊತ್ತಿನ ಮಾತು. ವೈಟ್ ಲೆಗಾರ್ನ್ ತಳಿಯವರು ಮಾಡಿದ್ದು ಬೇರೆ: ಕೂರದ ಕೋಳಿಯ ಮೊಟ್ಟೆಯನ್ನೇ ಆರಿಸಿ ಮರಿ ಮಾಡುತ್ತಾ ತಲೆಮಾರುಗಳ ಮೇಲೆ ತಲೆಮಾರು ಕಳೆದು, ಕಾವು ಎಂಬುದನ್ನೇ ರಕ್ತದಿಂದ ತೆಗೆದುಹಾಕಿದರು. 1935ರಲ್ಲಿ ಅಮೆರಿಕದ ಆಸ್ಕರ್ ರಿಡಲ್ ಮತ್ತು ಸಂಗಡಿಗರು ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನನ್ನು ಚುಚ್ಚಿ ಮೊಟ್ಟೆಯಿಡುವ ಹೇಂಟೆಗಳಿಗೆ ಕಾವು ಬರಿಸಿ ತೋರಿಸಿದರು. ತಾಯಂದಿರಲ್ಲಿ ಹಾಲು ಉಕ್ಕಿಸುವ ಹಾರ್ಮೋನೇ ಅದು. ಹಾಲಿಲ್ಲದ ಕೋಳಿಯಲ್ಲಿ ಅದು ಮಾಡುವ ಕೆಲಸ ಇದು ಎಂದು ತಿಳಿದಾಗ ನನಗಂತೂ ಸ್ವಲ್ಪ ಹೊತ್ತು ಮಾತು ಹೊರಡಲಿಲ್ಲ.

ಇನ್ನು ಸಂತೆಯ ಬಣ್ಣದ ಮರಿಗಳ ವಿಷಯ. ಯಂತ್ರದಲ್ಲಿ ಒಡೆದ ಮರಿಗಳಲ್ಲಿ ಅರ್ಧ ಹೆಣ್ಣು, ಅರ್ಧ ಗಂಡು. ಮೊಟ್ಟೆಗೆಂದೇ ರೂಪಿಸಿದ ತಳಿಯ ಗಂಡು ಮೊಟ್ಟೆಯನ್ನಂತೂ ಇಡುವುದಿಲ್ಲ, ಮಾಂಸಕ್ಕೂ ಬೇಗ ಬೆಳೆಯುವುದಿಲ್ಲ. ಆದರೆ ಒಂದು ದಿನದ ಮರಿಯಲ್ಲಿ ಗಂಡು ಹೆಣ್ಣು ಗುರುತಿಸುವುದು ಹೇಗೆ? ಆರೇಳು ವಾರ ಸಾಕಿ ಜುಟ್ಟು ಮೂಡುವವರೆಗೆ ಕಾಯಬೇಕಿತ್ತು. 1920ರ ದಶಕದಲ್ಲಿ ಜಪಾನಿನ ಕಿಯೋಷಿ ಮಾಸುಯಿ ಮತ್ತು ಜೂರೋ ಹಾಷಿಮೊಟೊ ಇದಕ್ಕೆ ದಾರಿ ಕಂಡರು. ಮರಿಯ ಮಲದ್ವಾರವನ್ನು ಮೆತ್ತಗೆ ಒತ್ತಿ ತೆರೆದರೆ ಒಳಗೆ ಸಾಸಿವೆಗಿಂತ ಚಿಕ್ಕ ಉಬ್ಬೊಂದು ಕಾಣುತ್ತದೆ ಅಥವಾ ಕಾಣುವುದಿಲ್ಲ. ಅದರ ಆಕಾರದಲ್ಲಿ ಗಂಡು ಹೆಣ್ಣಿನ ಸೂಚನೆಯಿದೆ. ಕೇಳಲು ಸುಲಭ, ಕಲಿಯಲು ವರ್ಷಗಳು. ನುರಿತ ಜಪಾನೀಯರು ಗಂಟೆಗೆ ಸಾವಿರದಷ್ಟು ಮರಿಗಳನ್ನು ಬೇರ್ಪಡಿಸುತ್ತಿದ್ದರು. ದೂರದೂರದ ದೇಶಗಳು ಅವರನ್ನು ಸಂಬಳ ಕೊಟ್ಟು ಕರೆಸಿಕೊಂಡವು.

ಒಂದು ಬುಟ್ಟಿ ಹೆಣ್ಣುಮರಿಗಳದಾಯಿತು. ಇನ್ನೊಂದು ಬುಟ್ಟಿಯದು? ಅದು ಹುಟ್ಟಿದ ದಿನವೇ ಕೊಲ್ಲುವ ಬುಟ್ಟಿ. ಜಗತ್ತಿನ ಮೊಟ್ಟೆ ಉದ್ಯಮದ ಬಹುಭಾಗ ಇದನ್ನು ಗದ್ದಲವಿಲ್ಲದೆ ನಡೆಸಿಕೊಂಡು ಬಂದಿದೆ. ಜರ್ಮನಿ 2022ರ ಮೊದಲ ದಿನದಿಂದ ಇದನ್ನು ಕಾನೂನಿನಿಂದ ನಿಷೇಧಿಸಿತು. ಈಗ ಅಲ್ಲಿ ಮೊಟ್ಟೆಯಲ್ಲಿರುವಾಗಲೇ ಲಿಂಗ ಪತ್ತೆ ಮಾಡುವ ಯಂತ್ರಗಳು ಬಂದಿವೆ. ನಮ್ಮ ದೇಶದಲ್ಲಿ ಆ ಬುಟ್ಟಿಗೆ ಇನ್ನೊಂದು ದಾರಿ ಸಿಕ್ಕಿತು. ಕಾಸಿಗೆ ಕಡೆಯಾದ ಗಂಡುಮರಿಗಳನ್ನು ಕೊಂಡು, ಬಣ್ಣದ ನೀರಿನಲ್ಲಿ ಅದ್ದಿ, ಸಂತೆ ಜಾತ್ರೆಗಳಲ್ಲಿ ಮಕ್ಕಳಿಗೆ ಮಾರುವುದು. ಬಣ್ಣದ ನೀರಿನಲ್ಲಿ ನೆನೆದ, ಕಾವು ಇಲ್ಲದ, ಬುತ್ತಿ ಮುಗಿಯುತ್ತಾ ಬಂದ ಮರಿ ಅದು. ನನ್ನ ಹಸಿರು ಮರಿ ಮೂರನೆಯ ದಿನ ಸತ್ತುದು ಆಕಸ್ಮಿಕವಾಗಿರಲಿಲ್ಲ. ಅದರ ಲೆಕ್ಕ ಅಲ್ಲಿಗೆ ಮುಗಿದಿತ್ತು. ಬದುಕಿದ್ದರೂ ಅದು ಮೊಟ್ಟೆ ಇಡುತ್ತಿರಲಿಲ್ಲ, ಹುಂಜವಾಗುತ್ತಿತ್ತು.

ಊರಿನ ಹೆಂಗಸರಿಗೆ ಇದು ಬರೀ ಮಕ್ಕಳಾಟದ ವಿಷಯವಾಗಿರಲಿಲ್ಲ. ದನ, ಹೊಲ ಗಂಡಸಿನ ಹೆಸರಿನಲ್ಲಿ. ಕೋಳಿ ಮಾತ್ರ ಹೆಂಗಸಿನದು. ಮೊಟ್ಟೆಯ ಕಾಸು ಸೆರಗಿನ ಗಂಟಿಗೆ ಹೋಗುತ್ತಿತ್ತು, ಸ್ಲೇಟು ಬಳಪ ಬರುತ್ತಿದ್ದುದು ಅಲ್ಲಿಂದ. ಹಾಗೆ ಕೂಡಿಟ್ಟ ಹಿತ್ತಿಲನ್ನು ಒಂದೇ ವಾರದಲ್ಲಿ ಬರಿದು ಮಾಡುತ್ತಿದ್ದುದು ಕೊಕ್ಕರೆ ರೋಗ. ಇದರ ಇನ್ನೊಂದು ಹೆಸರು ರಾಣಿಖೇತ್. 1926ರಲ್ಲಿ ಜಾವಾದಲ್ಲಿಯೂ ಇಂಗ್ಲೆಂಡಿನ ನ್ಯೂಕ್ಯಾಸಲ್ ಊರಿನಲ್ಲಿಯೂ ಕಾಣಿಸಿಕೊಂಡ ಈ ಪಿಡುಗನ್ನು ಮರುವರ್ಷ ಕುಮಾವೂಂ ಬೆಟ್ಟಗಳ ರಾಣಿಖೇತದಲ್ಲಿ ಗುರುತಿಸಿದರು. ಚೆಂದದ ಗಿರಿಧಾಮದ ಹೆಸರು ರೋಗಕ್ಕೆ ಅಂಟಿಕೊಂಡಿತು. ಮದ್ದು ಹುಟ್ಟಿದ್ದೂ ಅದೇ ಬೆಟ್ಟಸಾಲಿನಲ್ಲಿ. 1940ರ ದಶಕದಲ್ಲಿ ಮುಕ್ತೇಶ್ವರದ ಪಶುವೈದ್ಯ ಸಂಶೋಧನಾ ಸಂಸ್ಥೆಯಲ್ಲಿ ರೂಪಿಸಿದ ಲಸಿಕೆ ಇವತ್ತಿಗೂ ಆರ್-2ಬಿ ಎಂಬ ಹೆಸರಿನಲ್ಲಿ ಬಳಕೆಯಲ್ಲಿದೆ. ಎಳೆಮರಿಗೆ ಮೊದಲ ವಾರ ಕಣ್ಣಿಗೋ ಮೂಗಿಗೋ ಒಂದು ಹನಿ ಲಸೋಟ, ಎಂಟು ವಾರದ ಹೊತ್ತಿಗೆ ಆರ್-2ಬಿ ಚುಚ್ಚುಮದ್ದು.

ಮದ್ದಿದ್ದೂ ಕೋಳಿಗಳು ಸತ್ತವು. ಕಾರಣ ಸೀಸೆಯ ಗಾತ್ರ. ಒಂದು ಸೀಸೆಯಲ್ಲಿ ನೂರೋ ಇನ್ನೂರೋ ಕೋಳಿಗಾಗುವ ಮದ್ದಿರುತ್ತದೆ; ಮಂಜುಗಡ್ಡೆಯಲ್ಲಿಟ್ಟು ತರಬೇಕು, ಕಲಸಿದ ಮೇಲೆ ಒಂದೆರಡು ಗಂಟೆಯೊಳಗೆ ಮುಗಿಸಬೇಕು. ಹತ್ತು ಕೋಳಿಯ ಒಡತಿ ಅದನ್ನು ತರುವುದು ಹೇಗೆ? ಹತ್ತು ಸಾವಿರ ಕೋಳಿಯ ಫಾರಂಗೆ ಹೊಂದುವ ಅಳತೆ ಅದು. ಕೇರಿಯ ಕೋಳಿಗಳನ್ನೆಲ್ಲ ಬೆಳಗಿನ ಜಾವ ಗೂಡು ಬಿಡಿಸುವ ಮುಂಚೆ ಒಟ್ಟಿಗೆ ಹಿಡಿದು ಹನಿ ಹಾಕಿಸಿದ ಊರುಗಳಲ್ಲಿ ಹಿತ್ತಿಲ ಕೋಳಿ ಉಳಿಯಿತು. ಅಂಥ ಒಗ್ಗಟ್ಟು ಇಲ್ಲದಲ್ಲಿ ಇಲ್ಲ. ವಿಜ್ಞಾನಕ್ಕಿಂತ ನೆರೆಹೊರೆಯ ಪ್ರಶ್ನೆ ಇದು ಎಂದು ನನಗನ್ನಿಸುತ್ತದೆ.

ಹಿತ್ತಿಲಿನ ಕೋಳಿಯನ್ನೇ ಕಣ್ಣಮುಂದಿಟ್ಟುಕೊಂಡು ನಮ್ಮಲ್ಲಿ ನಡೆದ ದೊಡ್ಡ ಪ್ರಯತ್ನ ಬೆಂಗಳೂರಿನ ಹೆಬ್ಬಾಳದ ಪಶುವೈದ್ಯ ಕಾಲೇಜಿನದು. 1980ರ ದಶಕದ ಕೊನೆಯಲ್ಲಿ ಅಲ್ಲಿಂದ ಹೊರಬಂದದ್ದು ಗಿರಿರಾಜ. ಬಣ್ಣಬಣ್ಣದ ಗರಿ, ನಾಟಿ ಕೋಳಿಯಂತೆ ಕೆದಕಿ ತಿನ್ನುವ ಗುಣ, ಆದರೆ ಮೈ ಇಮ್ಮಡಿ. ನಾಟಿ ಹೇಂಟೆ ವರ್ಷಕ್ಕೆ ಐವತ್ತು ಅರವತ್ತು ಮೊಟ್ಟೆ ಇಟ್ಟರೆ ಇದರದು ಅದರ ಎರಡರಷ್ಟಕ್ಕೂ ಹೆಚ್ಚು. ಮುಂದೆ ಅಲ್ಲಿಂದಲೇ ಸ್ವರ್ಣಧಾರ ಬಂತು, ಹೈದರಾಬಾದಿನ ಕುಕ್ಕುಟ ಸಂಶೋಧನಾ ಸಂಸ್ಥೆಯಿಂದ ವನರಾಜ. ಇವುಗಳ ಮರಿಗಾಗಿ ಹೆಬ್ಬಾಳದಲ್ಲಿ ಹೆಸರು ಬರೆಸಿ ಜನ ಕಾಯುತ್ತಿದ್ದರು.

ಒಂದು ಕೊರತೆ ಮಾತ್ರ ಉಳಿಯಿತು, ಅದೂ ಮೊದಲಿನದೇ. ಗಿರಿರಾಜ ಸಾಮಾನ್ಯವಾಗಿ ಕಾವಿಗೆ ಕೂರುವುದಿಲ್ಲ. ಬೆರಕೆ ತಳಿಯಾದ್ದರಿಂದ ಅದರ ಮೊಟ್ಟೆಯಿಂದ ಮರಿ ಮಾಡಿದರೂ ತಾಯಿಯ ಗುಣವೆಲ್ಲ ಮುಂದಿನ ಪೀಳಿಗೆಗೆ ಹಾಗೆಯೇ ಇಳಿಯುವುದಿಲ್ಲ. ಹಿತ್ತಿಲಿನಲ್ಲಿ ತಾನೇ ಬೆಳೆಯುತ್ತಿದ್ದ ಸಂಸಾರ ಈಗ ಪ್ರತಿ ಸಲವೂ ಪೆಟ್ಟಿಗೆಯ ಮರಿಗೆ ಕೈಚಾಚಬೇಕಾಯಿತು. ಹಳ್ಳಿಯ ಹೆಂಗಸರು ಇದಕ್ಕೆ ತಾವೇ ಪರಿಹಾರ ಕಂಡುಕೊಂಡರು. ಗಿರಿರಾಜನ ಮೊಟ್ಟೆಗಳನ್ನು ಕಾವಿಗೆ ಕೂತ ನಾಟಿ ಹೇಂಟೆಯ ಕೆಳಗೆ ಇಟ್ಟರು. ವರ್ಷಕ್ಕೆ ಐವತ್ತೇ ಮೊಟ್ಟೆ ಎಂದು ಎಲ್ಲ ವರದಿಗಳೂ ಹಳಿದ ನಾಟಿ ಕೋಳಿ, ತನ್ನ ಎರಡರಷ್ಟು ಬೆಳೆಯುವ ಮರಿಗಳನ್ನು ಹಿಂದಿಟ್ಟುಕೊಂಡು ತಿಪ್ಪೆ ಕೆದಕುತ್ತಾ ಹೊರಟದ್ದನ್ನು ನಾನು ಎಷ್ಟೋ ಊರಿನಲ್ಲಿ ಕಂಡಿದ್ದೇನೆ.

ಕೆಲವು ವರ್ಷಗಳ ಹಿಂದೆ ನಾನೂ ಒಂದು ಪೆಟ್ಟಿಗೆ ತಂದೆ. ನಿವೃತ್ತಿಗೆ ಹತ್ತಿರವಾದವರಿಗೆ ಬರುವ ಹುಚ್ಚುಗಳಲ್ಲಿ ಇದೂ ಒಂದು. ಇಪ್ಪತ್ತೈದು ಮರಿ, ವಯಸ್ಸು ಒಂದು ದಿನ. ತಾಯಿ ಮಾಡುವ ಕೆಲಸವನ್ನು ಮನುಷ್ಯ ಮಾಡಹೊರಟಾಗಲೇ ಆ ಕೆಲಸ ಎಷ್ಟೆಂದು ತಿಳಿಯುವುದು. ಮೊದಲ ವಾರ 95 ಡಿಗ್ರಿ ಫ್ಯಾರನ್‌ಹೀಟ್ ಕಾವು, ಆಮೇಲೆ ವಾರಕ್ಕೆ ಐದೈದು ಡಿಗ್ರಿ ಇಳಿಸಬೇಕು. ಅಂಗಡಿಯವನು ಕೊಟ್ಟ ಎಲ್‌ಇಡಿ ಬಲ್ಬು ಬೆಳಕು ಚೆಲ್ಲಿತೇ ಹೊರತು ಬಿಸಿ ಕೊಡಲಿಲ್ಲ. ಹಳೆಯ ತಂತಿಯ ಬಲ್ಬಿಗಾಗಿ ಮೂರು ಅಂಗಡಿ ಅಲೆದೆ. ಸುತ್ತಲಿನ ತಡಿಕೆ ಗುಂಡಗಿರಬೇಕು. ಮೂಲೆ ಇದ್ದರೆ ಚಳಿಗೆ ಮರಿಗಳು ಅಲ್ಲಿ ಒಂದರ ಮೇಲೊಂದು ಒಟ್ಟಿಕೊಂಡು ಅಡಿಯವು ಉಸಿರುಗಟ್ಟಿ ಸಾಯುತ್ತವೆ. ಬತ್ತದ ಹೊಟ್ಟಿನ ಮೇಲೆ ಮೊದಲ ದಿನಗಳಲ್ಲಿ ಪತ್ರಿಕೆ ಹಾಸಬೇಕು, ಇಲ್ಲವಾದರೆ ಮರಿ ಹೊಟ್ಟನ್ನೇ ಕಾಳೆಂದು ತಿನ್ನುತ್ತದೆ. (ನೀವು ಓದುತ್ತಿರುವ ಈ ಪುಟಕ್ಕೂ ಆ ಭಾಗ್ಯ ಒದಗಬಹುದು. ಆದರೆ ಮೊದಲು ಚೆನ್ನಾಗಿ ಮುದುರಿ ಹಾಸಿ. ನುಣುಪಾದ ಹಾಳೆಯ ಮೇಲೆ ಎಳೆಯ ಕಾಲು ಜಾರಿ ಸೊಟ್ಟಗಾಗುತ್ತದೆ.)

ನೀರೆಂದರೇನೆಂದು ಆ ಮರಿಗಳಿಗೆ ಗೊತ್ತಿರಲಿಲ್ಲ. ಒಂದೊಂದನ್ನೇ ಹಿಡಿದು ಕೊಕ್ಕು ಅದ್ದಿಸಿದೆ. ಕುಕ್ಕುವುದು ಮರಿಗೆ ಹುಟ್ಟುಗುಣ; ಯಾವುದನ್ನು ಕುಕ್ಕಬೇಕೆಂಬುದು ತಾಯಿ ಹೇಳಿಕೊಡುವ ಪಾಠ. ತಾಯಿ ಕಾಳಿನ ಮುಂದೆ ಕೊಕ್ಕ್ ಕೊಕ್ಕ್ ಎಂದು ಕರೆದು ಎತ್ತಿ ಹಾಕಿ ತೋರಿಸುತ್ತದೆ. ನಾನು ಬೆರಳಿನಿಂದ ಹಾಳೆಯ ಮೇಲೆ ಟಕಟಕ ಕುಟ್ಟಿದೆ. ನುಚ್ಚು ಜೋಳಕ್ಕೆ ನಾಲ್ಕಾರು ಮರಿ ಬಂದವು, ಅವನ್ನು ನೋಡಿ ಉಳಿದವು. ಹುಟ್ಟಿದ ಮರಿ ಮೊದಲು ಕಣ್ಣಿಗೆ ಬಿದ್ದ ಚಲಿಸುವ ವಸ್ತುವನ್ನೇ ಹಿಂಬಾಲಿಸುತ್ತದೆಂದು ಇಂಗ್ಲೆಂಡಿನ ಡಗ್ಲಸ್ ಸ್ಪಾಲ್ಡಿಂಗ್ 1873ರಲ್ಲೇ ಬರೆದಿದ್ದ. ಮರುದಿನ ಬೆಳಗ್ಗೆ ತಡಿಕೆ ತೆಗೆದಾಗ ನಾಲ್ಕೈದು ಮರಿಗಳು ನನ್ನ ಚಪ್ಪಲಿಯ ಹಿಂದೆ ಸಾಲಾಗಿ ಹೊರಟವು.

ಎರಡನೆಯ ರಾತ್ರಿ ಮಳೆ ಬಂದು ಕರೆಂಟು ಹೋಯಿತು. ಬಿಸಿನೀರಿನ ಬಾಟಲಿಗೆ ಬಟ್ಟೆ ಸುತ್ತಿ ನಡುವೆ ಇಟ್ಟೆ; ಅರ್ಧ ಗಂಟೆಗೆ ಅದು ತಣ್ಣಗಾಗುತ್ತಿತ್ತು. ಮರಿಗಳು ಒಟ್ಟಿಕೊಂಡು ಕೂಗುವ ದನಿ ಗಾಬರಿಯ ದನಿ. ಬೆಚ್ಚಗಿದ್ದರೆ ಅವು ಹರಡಿಕೊಂಡು ಮಲಗುತ್ತವೆ, ಸದ್ದಿರುವುದಿಲ್ಲ. ನಡುರಾತ್ರಿಯ ಹೊತ್ತಿಗೆ ಎರಡು ಸತ್ತಿದ್ದವು. ಆಗ ಪಕ್ಕದ ಮನೆಯಾಕೆ ಕಂದೀಲು ಹಿಡಿದು ಬಂದಳು. ಅವಳ ಹೇಂಟೆಯೊಂದು ಕಾವಿಗೆ ಕೂತು ಹತ್ತೊಂಬತ್ತು ದಿನವಾಗಿತ್ತು. ಬೆಳಕು ಮರೆ ಮಾಡಿ, ಬುಟ್ಟಿಯ ಬಳಿ ಕೂತು, ಒಂದು ಕೈಯಲ್ಲಿ ಮೊಟ್ಟೆ ತೆಗೆಯುತ್ತಾ ಇನ್ನೊಂದು ಕೈಯಲ್ಲಿ ಮರಿಯನ್ನು ಕೋಳಿಯ ಹೊಟ್ಟೆಯ ಕೆಳಗೆ ಜಾರಿಸುತ್ತಾ ಹೋದಳು. ಕತ್ತಲಲ್ಲೇ ಆಗಬೇಕು, ಹಗಲಾದರೆ ಒಪ್ಪುವುದಿಲ್ಲ ಎಂದಳು. ಹನ್ನೆರಡು ಮರಿ ಹಿಡಿದವು. ಹೇಂಟೆ ಒಮ್ಮೆ ಗುರುಗುಟ್ಟಿ, ರೆಕ್ಕೆಯನ್ನು ಅಗಲಿಸಿ, ಮತ್ತೆ ಕೂತಿತು. ಒಳಗಿನ ಕೂಗು ಒಂದೊಂದಾಗಿ ನಿಂತಿತು. ತೆಗೆದ ಮೊಟ್ಟೆಗಳನ್ನು ಅವಳು ಸೆರಗಿನಲ್ಲಿ ಸುತ್ತಿಕೊಂಡು, ಕಾವಿಗೆ ಕೂತ ಇನ್ನೊಂದು ಕೋಳಿಯಿರುವ ತಂಗಿಯ ಮನೆಗೆ ಆ ಮಳೆಯಲ್ಲೇ ಹೊರಟಳು.

ಉಳಿದ ಹನ್ನೊಂದು ಮರಿಗಳನ್ನು ಕುಕ್ಕೆಯೊಳಗೆ ಹಾಕಿ, ಕಂಬಳಿ ಹೊದಿಸಿ, ಬೆಳಗಾಗುವವರೆಗೆ ಒಲೆಯ ಮುಂದೆ ಇಟ್ಟುಕೊಂಡು ಕೂತಿದ್ದೆ. ಬೆಳಗ್ಗೆ ಹಿತ್ತಿಲಿನಿಂದ ಕೊಕ್ಕ್ ಕೊಕ್ಕ್ ಎಂಬ ಕರೆ ಕೇಳಿಸಿತು. ಹೇಂಟೆ ಅಂಗಳಕ್ಕೆ ಇಳಿದಿತ್ತು. ಸುತ್ತ ಹನ್ನೆರಡು ಮರಿ. ನನ್ನ ಕುಕ್ಕೆಯೊಳಗಿನವು ಒಮ್ಮೆಲೇ ಕತ್ತು ನಿಗುರಿಸಿ ಆ ದನಿ ಬಂದ ಕಡೆಗೆ ನೋಡಿದವು.